ಪೂಲ್ ಇದ್ದ ಕಾಲ, ಪೂಲ್ ಹೋದ ಕಾಲ: ಕಾಫಿ ಮಾರುಕಟ್ಟೆಯ ಬಗ್ಗೆ ಒಂದು ಮಾತು

(ಮಲೆನಾಡಿನ ಒಂದು ಊರಿನಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಕಾಫಿ ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಓದುವವರಿಗೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ ‘ಆರ್ಥಿಕ ನಿಯಂತ್ರಣ, ಸ್ಪರ್ಧೆ ಮತ್ತು ದಕ್ಷತೆ’ ಎಂದು ಅಚ್ಚಾಗಿದೆ. ಊಟ ಆದ ಮೇಲಿನ ಹೊತ್ತಿಗೆ ಇಂಥ ಹೆಸರು ಒಳ್ಳೆಯದಲ್ಲ. ಅದಕ್ಕೇ ನಾನು ಕಾಫಿ ವಿಷಯ ಮಾತಾಡುತ್ತೇನೆ. ವಿದ್ಯಾರ್ಥಿಗಳಿಗೆ ಬೇಕಾದ ಅರ್ಥಶಾಸ್ತ್ರವೆಲ್ಲ ಅದರಲ್ಲೇ ಸಿಗುತ್ತದೆ. ಬೆಳೆಗಾರರಿಗೆ ನಾನು ಎಲ್ಲಿ ಬುರುಡೆ ಬಿಡುತ್ತಿದ್ದೇನೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ನಿಯಂತ್ರಣ ಬೇಕೋ ಬೇಡವೋ ಅನ್ನುವ ಜಗಳ ಟಿವಿಯಲ್ಲಿ ದಿನಾ ನಡೆಯುತ್ತದೆ. ಸರ್ಕಾರ ಕೈ ಹಾಕಿದರೆ ಎಲ್ಲ ಹಾಳು ಅಂತ ಒಬ್ಬರು. ಮಾರುಕಟ್ಟೆಗೆ ಬಿಟ್ಟರೆ ಬಡವ ಸತ್ತ ಅಂತ ಇನ್ನೊಬ್ಬರು. ಇಬ್ಬರಿಗೂ ಬೇಕಾದಷ್ಟು ಉದಾಹರಣೆ ಸಿಗುತ್ತದೆ, ಹಾಗಾಗಿ ಜಗಳ ಮುಗಿಯುವುದೇ ಇಲ್ಲ. ಕಾಫಿಯ ವಿಶೇಷ ಏನೆಂದರೆ ಅದೇ ಬೆಳೆ, ಅದೇ ತೋಟ, ಅದೇ ಮನೆತನ ಎರಡನ್ನೂ ಕಂಡಿದೆ. 50 ವರ್ಷಕ್ಕೂ ಹೆಚ್ಚು ಕಾಲ ನಮ್ಮ ಕಾಫಿಗೆ ಒಬ್ಬರೇ ಗಿರಾಕಿ, ಸರ್ಕಾರದ ಕಾಫಿ ಬೋರ್ಡ್. ಎಲ್ಲರ ಕಾಫಿಯನ್ನೂ ಒಟ್ಟಿಗೆ ಸೇರಿಸಿ ಬೋರ್ಡ್ ಮಾರುತ್ತಿದ್ದ ಆ ಪದ್ಧತಿಗೇ ಪೂಲ್ ಎಂದು ಹೆಸರು. 1996ರ ನಂತರ ಯಾರಿಗೆ ಬೇಕಾದರೂ ಮಾರಬಹುದು. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಇಷ್ಟು ಚೊಕ್ಕವಾಗಿ ಹೋಲಿಸಿ ನೋಡಲು ಸಿಗುವ ಬೆಳೆಗಳು ಕಡಿಮೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ನಿಯಮ ಬಂದಾಗಲೂ ಹೋದಾಗಲೂ ನಷ್ಟದ ಭಯ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವರ್ಗವಾಗುತ್ತದೆ. ನಿಯಮವನ್ನು ಅಳೆಯುವಾಗ ಮೊದಲು ನೋಡಬೇಕಾದ್ದು ಅದನ್ನು. ಮತ್ತೆ, ನಿಯಂತ್ರಣ ತೆಗೆದ ಮಾತ್ರಕ್ಕೆ ಸ್ಪರ್ಧೆ ತಾನಾಗಿ ಬರುವುದಿಲ್ಲ. ಸ್ಪರ್ಧೆಗೆ ನಂಬಬಹುದಾದ ತೂಕ ಬೇಕು, ಅಳತೆ ಬೇಕು, ಬೆಲೆಯ ಸುದ್ದಿ ಬೇಕು. ಅವನ್ನು ಯಾರೋ ಏರ್ಪಾಡು ಮಾಡಬೇಕು.

ಈಗ ಕಥೆಗೆ ಬರೋಣ. 1930ರ ದಶಕದಲ್ಲಿ ಜಗತ್ತಿನ ಮಹಾ ಕುಸಿತದ ಜೊತೆ ಕಾಫಿ ಬೆಲೆಯೂ ನೆಲ ಕಚ್ಚಿತ್ತು. 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು. ಕಾಫಿಯ ಮೇಲೆ ಒಂದಿಷ್ಟು ಸೆಸ್ ಎತ್ತಿ, ಆ ದುಡ್ಡಿನಲ್ಲಿ ದೇಶದ ಒಳಗೆ ಕಾಫಿ ಕುಡಿಯುವ ಅಭ್ಯಾಸ ಬೆಳೆಸುವುದು ಅದರ ಉದ್ದೇಶ. ಇಂಡಿಯಾ ಕಾಫಿ ಹೌಸ್‌ಗಳು ಹುಟ್ಟಿದ್ದು ಹಾಗೆ. ಮುಂದೆ 1950ರ ದಶಕದಲ್ಲಿ ಬೋರ್ಡ್ ಅವನ್ನು ಮುಚ್ಚಲು ಹೊರಟಿತು. ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ಉಳಿಸಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಆದದ್ದು. ಅದೇ ಒಂದು ದೊಡ್ಡ ಕಥೆ, ಇನ್ನೊಂದು ದಿನ ಮಾತಾಡೋಣ.

1939ರಲ್ಲಿ ಯುದ್ಧ ಶುರುವಾಯಿತು. ಯುರೋಪಿನ ಬಾಗಿಲು ಮುಚ್ಚಿತು. ಹಡಗು ಇಲ್ಲ, ಗಿರಾಕಿ ಇಲ್ಲ, ಗೋದಾಮಿನಲ್ಲಿ ಕಾಫಿ ಕೊಳೆಯುವ ಪರಿಸ್ಥಿತಿ. ಎಲ್ಲ ಬೆಳೆಗಾರರೂ ಇದ್ದಬದ್ದ ಕಾಫಿಯನ್ನು ಒಟ್ಟಿಗೆ ಒಳಮಾರುಕಟ್ಟೆಗೆ ಸುರಿದರೆ ಬೆಲೆ ಎಲ್ಲಿಗೆ ಬೀಳುತ್ತದೆ ಎಂದು ಊಹಿಸಿ. ಅದನ್ನು ತಡೆಯಲು 1940ರಲ್ಲಿ ಒಂದು ಸುಗ್ರೀವಾಜ್ಞೆ ಬಂತು, ಪೂಲ್ ಶುರುವಾದದ್ದು ಅದರಿಂದ. 1942ರಲ್ಲಿ ಅದು ಕಾಯ್ದೆಯಾಯಿತು. ಯುದ್ಧ 1945ರಲ್ಲಿ ಮುಗಿಯಿತು. ಪೂಲ್ ಮುಗಿಯಲಿಲ್ಲ. ತುರ್ತಿಗೆಂದು ಬಂದ ನಿಯಮಕ್ಕೆ ಕಚೇರಿ ಸಿಕ್ಕಿತು, ಸಿಬ್ಬಂದಿ ಸಿಕ್ಕರು, ಗೋದಾಮು ಸಿಕ್ಕಿತು. ಆಮೇಲೆ ಅದನ್ನು ಎಬ್ಬಿಸುವುದು ಯಾರಿಗೂ ಸುಲಭವಲ್ಲ.

ಪೂಲ್ ಹೇಗೆ ನಡೆಯುತ್ತಿತ್ತು ಅನ್ನುವುದು ಇಲ್ಲಿರುವ ಹಿರಿಯರಿಗೆ ಗೊತ್ತು. ಮಕ್ಕಳಿಗಾಗಿ ಹೇಳುತ್ತೇನೆ. ನಿಮ್ಮ ತೋಟದಲ್ಲಿ ಬೆಳೆದ ಕಾಫಿಯಲ್ಲಿ ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದು. ಉಳಿದದ್ದೆಲ್ಲ ಬೋರ್ಡಿಗೆ. ಪಕ್ಕದ ಊರಿನ ನೆಂಟರಿಗೆ ಮಾರುವ ಹಾಗಿಲ್ಲ. ಹಾಸನ, ಹುಣಸೂರು, ಚಿಕ್ಕಮಗಳೂರು, ಮಂಗಳೂರಿನ ಕಡೆಯ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಕಾಫಿ ಕೊಡಬೇಕು. ಅಲ್ಲಿ ಹೊಟ್ಟು ತೆಗೆದು, ಗ್ರೇಡ್ ಮಾಡಿ, ಗ್ರೇಡಿಗೆ ಇಷ್ಟು ಅಂತ ಪಾಯಿಂಟ್ ಕೊಡುತ್ತಾರೆ. ಬೋರ್ಡ್ ಎಲ್ಲರ ಕಾಫಿಯನ್ನೂ ಸೇರಿಸಿ ಹರಾಜಿನಲ್ಲಿ ಮಾರುತ್ತದೆ. ರಫ್ತಿಗೆ ಬೇರೆ ಹರಾಜು, ಒಳಮಾರುಕಟ್ಟೆಗೆ ಬೇರೆ. ಬಂದ ದುಡ್ಡಲ್ಲಿ ಖರ್ಚು ಕಳೆದು, ಪಾಯಿಂಟಿಗೆ ತಕ್ಕ ಹಾಗೆ ಎಲ್ಲರಿಗೂ ಹಂಚುತ್ತದೆ. ಕಾಫಿ ಕೊಟ್ಟಾಗ ಒಂದು ಕಂತು. ಆಮೇಲೆ ಇನ್ನೊಂದು. ಮತ್ತೊಂದು. ಒಂದು ವರ್ಷದ ಬೆಳೆಯ ಲೆಕ್ಕ ಪೂರ್ತಿ ಚುಕ್ತಾ ಆಗುವಷ್ಟರಲ್ಲಿ ಮುಂದಿನ ಬೆಳೆಗಳು ಕಣಕ್ಕೆ ಬಂದಿರುತ್ತಿದ್ದವು.

ಇದನ್ನು ಕೇಳಿದ ತಕ್ಷಣ ವಿದ್ಯಾರ್ಥಿಗಳು ‘ಪೂಲ್ ಕೆಟ್ಟದ್ದು’ ಎಂದು ಬರೆದುಕೊಳ್ಳುತ್ತಿದ್ದೀರಿ. ಸ್ವಲ್ಪ ತಡೆಯಿರಿ. 1950ರ ಹೊತ್ತಿಗೆ ಭಾರತದ ಒಟ್ಟು ಕಾಫಿ 20 ಸಾವಿರ ಟನ್ನಿಗಿಂತ ಕಡಿಮೆ. 1990ರ ದಶಕದ ನಡುವಿನಲ್ಲಿ ಅದು 2 ಲಕ್ಷ ಟನ್ ದಾಟಿತ್ತು. ಅಂದರೆ ಪೂಲ್ ಇದ್ದ ಕಾಲದಲ್ಲೇ ಬೆಳೆ 10 ಪಟ್ಟು ಬೆಳೆಯಿತು. ಮುಕ್ತ ಮಾರುಕಟ್ಟೆ ಬಂದ ಮೇಲೆ ಅದು ಏರಿದ್ದು ಈಗಿನ ಸುಮಾರು ಮೂರೂವರೆ ಲಕ್ಷ ಟನ್‌ವರೆಗೆ. ‘ನಿಯಂತ್ರಣ ಇದ್ದರೆ ಉತ್ಪಾದನೆ ಸಾಯುತ್ತದೆ’ ಎಂದು ಪಠ್ಯಪುಸ್ತಕದಲ್ಲಿ ಓದಿದ್ದರೆ, ಈ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದಿಡಿ.

ಯಾಕೆ ಬೆಳೆಯಿತು? ಬೆಳೆದದ್ದೆಲ್ಲ ಮಾರಾಟ ಆಗುತ್ತದೆ ಅನ್ನುವ ಭರವಸೆ ಇತ್ತು. ಐದೆಕರೆಯವನೂ ಐನೂರು ಎಕರೆಯವನೂ ಒಂದೇ ಪಾಯಿಂಟಿಗೆ ಒಂದೇ ದರ ಪಡೆಯುತ್ತಿದ್ದರು. ಬೆಲೆ ಬಿದ್ದ ತಿಂಗಳಲ್ಲೇ ಮಗಳ ಮದುವೆ ಬಂದರೂ ಚಿಕ್ಕ ಬೆಳೆಗಾರ ಸಿಕ್ಕ ದರಕ್ಕೆ ಮಾರಿ ಕೈ ತೊಳೆದುಕೊಳ್ಳಬೇಕಾಗಿರಲಿಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಹೊಸ ತಳಿ ಬರುತ್ತಿತ್ತು. ಯಾವ ತಿಂಗಳು ಮಾರಬೇಕು, ಯಾರಿಗೆ ಮಾರಬೇಕು ಅನ್ನುವ ತಲೆನೋವೇ ಬೆಳೆಗಾರನಿಗೆ ಇರಲಿಲ್ಲ. ಆತ ಗಿಡ ನೋಡಿಕೊಂಡರೆ ಸಾಕಿತ್ತು. ಇದಕ್ಕೂ ಒಂದು ಬೆಲೆ ಇದೆ ಅಲ್ವಾ? ನಮ್ಮ ಲೆಕ್ಕದ ಪುಸ್ತಕದಲ್ಲಿ ಅದು ಕಾಣುವುದಿಲ್ಲ, ಅಷ್ಟೆ.

ಹಾಗಾದರೆ ಕೆಟ್ಟದ್ದೇನು? ಕೆಟ್ಟದ್ದು ಹಣ್ಣಿನಲ್ಲಿತ್ತು. ಒಬ್ಬ ಬೆಳೆಗಾರ ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಕೀಳಿಸುತ್ತಾನೆ ಅಂದುಕೊಳ್ಳಿ. ಅದಕ್ಕೆ ಒಂದೇ ಗಿಡಕ್ಕೆ ನಾಲ್ಕು ಸಲ ಆಳು ಕಳಿಸಬೇಕು. ಅದೇ ದಿನ ಪಲ್ಪ್ ಮಾಡಬೇಕು, ಅಂದರೆ ಹಣ್ಣಿನ ಸಿಪ್ಪೆ ತೆಗೆಯಬೇಕು. ಕಣದಲ್ಲಿ ಪಾರ್ಚ್‌ಮೆಂಟನ್ನು (ಒಳಹೊಟ್ಟು ಸಮೇತದ ಬೀಜವನ್ನು) ತೆಳ್ಳಗೆ ಹರಡಿ, ಮಧ್ಯಾಹ್ನದ ಬಿಸಿಲಿಗೆ ಮುಚ್ಚಿ, ನಿಧಾನಕ್ಕೆ ಒಣಗಿಸಬೇಕು. ಪಕ್ಕದ ತೋಟದವನು ಹಸಿರು, ಕೆಂಪು, ಕಪ್ಪು ಎಲ್ಲವನ್ನೂ ಒಂದೇ ಸಲ ಬಾಚಿ ತರುತ್ತಾನೆ. ಇಬ್ಬರದೂ ಒಂದೇ ಗ್ರೇಡಿಗೆ ಬಿದ್ದರೆ ಸಿಗುವುದು ಒಂದೇ ಪಾಯಿಂಟ್. ಬೀಜದ ಗಾತ್ರವನ್ನು ಜರಡಿ ಅಳೆಯುತ್ತದೆ. ರುಚಿಯನ್ನು ಅಳೆಯಲು ನಾಲಿಗೆ ಬೇಕು, ಪುರುಸೊತ್ತು ಬೇಕು. ಸಾವಿರಾರು ಬೆಳೆಗಾರರ ಲಾಟ್‌ಗಳನ್ನು ಒಂದೊಂದಾಗಿ ಕುಡಿದು ನೋಡುವುದು ಆಗದ ಮಾತು. ಒಳ್ಳೆಯ ಕಾಫಿಯಿಂದ ಹುಟ್ಟಿದ ಹೆಚ್ಚಿನ ದುಡ್ಡು ಪೂಲಿಗೆ ಹೋಗಿ ಎಲ್ಲರಿಗೂ ಹಂಚಿಹೋಗುತ್ತಿತ್ತು. ಖರ್ಚು ಮಾತ್ರ ಅವನೊಬ್ಬನದು.

ಹಾಲಿನ ಡೇರಿಯಲ್ಲೂ ಎಲ್ಲರ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಆದರೆ ಕ್ಯಾನಿಗೆ ಸುರಿಯುವ ಮೊದಲು ಪ್ರತಿಯೊಬ್ಬರ ಹಾಲಿನ ಫ್ಯಾಟ್ ನೋಡುತ್ತಾರೆ, ಅದರ ಮೇಲೆ ದುಡ್ಡು. ಆದ್ದರಿಂದ ಎಲ್ಲರದನ್ನೂ ಸೇರಿಸಿದ್ದೇ ತಪ್ಪು ಅನ್ನಲಾರೆ. ಸೇರಿಸುವ ಮೊದಲು ಸರಿಯಾಗಿ ಅಳೆಯಲಿಲ್ಲ ಅನ್ನುವುದು ತೊಂದರೆ. ತೋಟದ ಹೆಸರು ಕ್ಯೂರಿಂಗ್ ವರ್ಕ್ಸ್‌ನ ಬಾಗಿಲಲ್ಲೇ ಉಳಿಯುತ್ತಿತ್ತು. ಆಚೆ ಹೋಗುತ್ತಿದ್ದದ್ದು ‘ಪ್ಲಾಂಟೇಶನ್ ಎ’, ‘ಚೆರಿ ಎಬಿ’ ಅನ್ನುವ ಗ್ರೇಡಿನ ಮೂಟೆಗಳು ಮಾತ್ರ. ಬಾಬಾಬುಡನ್‌ಗಿರಿಯ ಅರೇಬಿಕಾ, ಕೊಡಗಿನ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ ಇವಕ್ಕೆಲ್ಲ ಭೌಗೋಳಿಕ ಸೂಚಿಕೆ (ಬೆಳೆದ ಜಾಗದ ಹೆಸರಿಗೆ ಕಾನೂನಿನ ಮಾನ್ಯತೆ) ಸಿಕ್ಕಿದ್ದು 2019ರಲ್ಲಿ. ಕಾಫಿ ಬಂದು ಮುನ್ನೂರು ವರ್ಷ ದಾಟಿದ ಮೇಲೆ!

ಇಂಥ ಪದ್ಧತಿ ಅಷ್ಟು ವರ್ಷ ಹೇಗೆ ತಡೆದುಕೊಂಡಿತು ಅನ್ನುವುದು ಇನ್ನೂ ಕುತೂಹಲದ ಪ್ರಶ್ನೆ. ಉತ್ತರ ನಮ್ಮ ದೇಶದ ಹೊರಗಿದೆ. ಆಗ ಜಗತ್ತಿನ ಕಾಫಿ ಮಾರುಕಟ್ಟೆಯೇ ಮುಕ್ತವಾಗಿರಲಿಲ್ಲ. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಯಾವ ದೇಶ ಎಷ್ಟು ರಫ್ತು ಮಾಡಬಹುದು ಎಂದು ಕೋಟಾ ಇಟ್ಟರು. ಬೆಳೆಯುವ ದೇಶಗಳು ಸೇರಿ ಬೆಲೆ ಹಿಡಿದು ನಿಲ್ಲಿಸುವುದು ಸರಿ, ಕೊಳ್ಳುವ ಅಮೆರಿಕ ಅದಕ್ಕೆ ಒಪ್ಪಿದ್ದೇಕೆ? ಶೀತಲ ಸಮರದ ಕಾಲ. ಕಾಫಿ ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ರೈತರು ಕಮ್ಯುನಿಸ್ಟರ ಕಡೆ ವಾಲುತ್ತಾರೆ ಎಂಬ ಭಯ ಅವರಿಗೆ. ಕೋಟಾ ಪಾಲಿಸಲು ಪ್ರತಿ ದೇಶಕ್ಕೂ ರಫ್ತಿನ ಮೇಲೆ ಹಿಡಿತ ಇರಬೇಕು. ನಮ್ಮಲ್ಲಿ ಆ ಹಿಡಿತ ಪೂಲ್ ರೂಪದಲ್ಲಿ ಮೊದಲೇ ಸಿದ್ಧವಿತ್ತು.

ಇನ್ನೊಂದು ಆಸರೆ ಸೋವಿಯತ್ ಒಕ್ಕೂಟ. ಅವರು ಕೋಟಾದ ಹೊರಗಿನ ಗಿರಾಕಿ. ರೂಪಾಯಿಯಲ್ಲೇ ವ್ಯಾಪಾರ, ದೊಡ್ಡ ಮೊತ್ತದ ಖರೀದಿ, ರುಚಿಯ ವಿಷಯದಲ್ಲಿ ತಕರಾರು ಕಡಿಮೆ. ಆ ಕಡೆ ಒಬ್ಬರೇ ಕೊಳ್ಳುವವರು, ಈ ಕಡೆ ಒಬ್ಬರೇ ಮಾರುವವರು. ಎರಡು ಕಚೇರಿಗಳ ನಡುವೆ ವ್ಯವಹಾರ ಸರಾಗ. ಆ ಕಾಲಕ್ಕೆ ಪೂಲ್ ದಕ್ಷವಾಗಿಯೇ ಇತ್ತು ಎಂದು ಯಾರಾದರೂ ವಾದಿಸಿದರೆ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅಂಥ ಗಿರಾಕಿಗೆ ಅಂಥ ಅಂಗಡಿ ಸಾಕಾಗಿತ್ತು.

ನಡುವೆ ಒಂದು ಕೋರ್ಟ್ ಕಥೆ. ಪೂಲಿಗೆ ಬರುವ ಕಾಫಿಯ ಮೇಲೆ ಖರೀದಿ ತೆರಿಗೆ ಕಟ್ಟಿ ಎಂದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಬೋರ್ಡನ್ನು ಕೇಳಿತು. ಇದು ಖರೀದಿಯೇ ಅಲ್ಲ, ಕಾನೂನಿನ ಬಲದಿಂದ ವಶಕ್ಕೆ ತೆಗೆದುಕೊಳ್ಳುವುದು, ತೆರಿಗೆ ಎಲ್ಲಿಂದ ಬಂತು ಎಂದು ಬೋರ್ಡ್ ವಾದಿಸಿತು. 1988ರಲ್ಲಿ ಸುಪ್ರೀಂ ಕೋರ್ಟ್ ಬೋರ್ಡಿನ ವಾದ ಒಪ್ಪಲಿಲ್ಲ. ಇದು ಮಾರಾಟವೇ, ತೆರಿಗೆ ಕಟ್ಟಬೇಕು ಅಂದಿತು. ಬೆಳೆಗಾರನ ಕಡೆಯಿಂದ ನೋಡಿ. ಬೇರೆಯವರಿಗೆ ಮಾರುವ ಹಾಗಿಲ್ಲ, ಬೆಲೆ ಕೇಳುವ ಹಾಗಿಲ್ಲ, ದುಡ್ಡು ಯಾವಾಗ ಅಂತ ಗೊತ್ತಿಲ್ಲ, ಆದರೂ ಅವನು ‘ಮಾರಿದ್ದಾನೆ’. ಆ ತೆರಿಗೆಯೂ ಕೊನೆಗೆ ಪೂಲಿನ ಗಂಟಿಗೇ ಕೈ ಹಾಕುವಂಥದ್ದು. ನಿಯಂತ್ರಣದ ಖರ್ಚು ಹೀಗೆ ಎಲ್ಲೆಲ್ಲೋ ಸುತ್ತಿ ಕೊನೆಗೆ ತೋಟದ ಬಾಗಿಲಿಗೆ ಬರುತ್ತದೆ.

1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕೋಟಾ ಮುರಿದುಬಿತ್ತು. ಗೋದಾಮುಗಳಲ್ಲಿ ತಡೆದಿಟ್ಟಿದ್ದ ಕಾಫಿಯೆಲ್ಲ ಹೊರಗೆ ಬಂತು. ಬೆಲೆ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ನಮ್ಮ ದೇಶ ವಿದೇಶಿ ವಿನಿಮಯಕ್ಕೆ ಪರದಾಡಿ ಆರ್ಥಿಕ ಸುಧಾರಣೆಗೆ ಕೈ ಹಾಕಿತು. ಪೂಲಿಗೆ ಇದ್ದ ಆಸರೆಗಳು ಎರಡೇ ವರ್ಷದಲ್ಲಿ ಒಂದೊಂದಾಗಿ ಬಿದ್ದವು. ಬೆಳೆಗಾರರ ಒತ್ತಾಯ ಮೊದಲಿಂದ ಇತ್ತು. ಈಗ ಸರ್ಕಾರಕ್ಕೂ ಕೇಳಿಸಿತು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು ಸ್ವಂತವಾಗಿ ಮಾರಲು ಬಿಟ್ಟರು. ಮರುವರ್ಷ ಶೇ. 50. ಆಮೇಲೆ ಚಿಕ್ಕ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ, ದೊಡ್ಡವರಿಗೆ ಶೇ. 70. 1996ರಲ್ಲಿ ಎಲ್ಲರಿಗೂ ಪೂರ್ತಿ. ಒಂದೇ ರಾತ್ರಿಯಲ್ಲಿ ಬಾಗಿಲು ತೆಗೆಯದೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ್ದು ಒಳ್ಳೆಯ ಕೆಲಸ. ಆ ನಾಲ್ಕು ವರ್ಷದಲ್ಲಿ ಬೆಳೆಗಾರರು ಬೆಲೆ ವಿಚಾರಿಸುವುದನ್ನು ಕಲಿತರು. ವ್ಯಾಪಾರಿಗಳು ತೋಟದ ದಾರಿ ಕಲಿತರು.

ಜೊತೆಗೆ ಅದೃಷ್ಟವೂ ಕೂಡಿಬಂತು. 1994ರ ಜೂನ್ ಕೊನೆಯಲ್ಲಿ ಒಂದು, ಜುಲೈನಲ್ಲಿ ಇನ್ನೊಂದು ಸಲ ಬ್ರೆಜಿಲ್‌ನಲ್ಲಿ ಭಾರಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದವು. ಆ ವರ್ಷ ಜಾಗತಿಕ ಬೆಲೆ ಪೌಂಡಿಗೆ 2 ಡಾಲರ್ ಹತ್ತಿರ ಹೋಯಿತು. ನಮ್ಮವರಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿದ ಹೊತ್ತಿಗೇ ಬೆಲೆ ಗಗನಕ್ಕೆ. ಮಲೆನಾಡಿನಲ್ಲಿ ಹೊಸ ಮನೆ, ಹೊಸ ಜೀಪು ಕಂಡ ಕಾಲ ಅದು. ಮುಕ್ತ ಮಾರುಕಟ್ಟೆಗೆ ಸಿಕ್ಕ ಒಳ್ಳೆಯ ಹೆಸರಿನಲ್ಲಿ ಅರ್ಧ ಪಾಲು ಬ್ರೆಜಿಲ್‌ನ ಹಿಮಕ್ಕೆ ಸೇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಆರೇಳು ವರ್ಷದಲ್ಲಿ ಚಿತ್ರವೇ ಬದಲಾಯಿತು. ವಿಯೆಟ್ನಾಂ ರೊಬಸ್ಟಾ ಜಾತಿಯ ಕಾಫಿ ಬೆಳೆದು ಜಗತ್ತಿನ ಎರಡನೇ ದೊಡ್ಡ ಕಾಫಿ ದೇಶವಾಯಿತು. 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 45 ಸೆಂಟ್ ಆಸುಪಾಸಿಗೆ ಇಳಿಯಿತು. ಕಾಫಿ ಕೀಳಿಸುವ ಕೂಲಿಯೂ ಹುಟ್ಟದ ಸ್ಥಿತಿ. ತೋಟದ ಮೇಲಿನ ಸಾಲ ಬಡ್ಡಿ ಸೇರಿ ಬೆಳೆಯಿತು. ಕಾಫಿ ಬೆಳೆಗಾರರಿಗೆ ಸರ್ಕಾರ ಕೊಟ್ಟ 2010ರ ಸಾಲ ಪರಿಹಾರದ ಪ್ಯಾಕೇಜಿನ ಬೇರು ಇಲ್ಲಿದೆ. ‘ಪೂಲೇ ಇದ್ದಿದ್ದರೆ ಚೆನ್ನಾಗಿತ್ತು’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ.

ಆ ಮಾತು ಸರಿಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ಲೆಕ್ಕ ಬಿಡಿಸಿ ನೋಡಬೇಕು. ಪೂಲ್ ಮಾಡುತ್ತಿದ್ದದ್ದು ಒಂದು ಹಂಗಾಮಿನ ಒಳಗಿನ ಸರಾಸರಿ. ಜನವರಿಯಲ್ಲಿ ಮಾರಿದವನಿಗೂ ಜೂನ್‌ನಲ್ಲಿ ಮಾರಿದವನಿಗೂ ಒಂದೇ ದರ ಸಿಗುವ ಹಾಗೆ ಅದು ನೋಡಿಕೊಳ್ಳುತ್ತಿತ್ತು. ಎಲ್ಲ ತಿಂಗಳಲ್ಲೂ ಬೆಲೆ ನೆಲದಲ್ಲೇ ಇದ್ದರೆ ಸರಾಸರಿಯೂ ನೆಲದಲ್ಲೇ ಇರುತ್ತದೆ. ಒಳ್ಳೆಯ ವರ್ಷದ ದುಡ್ಡನ್ನು ತೆಗೆದಿಟ್ಟು ಕೆಟ್ಟ ವರ್ಷಕ್ಕೆ ಕೊಡುವ ಕೆಲಸವನ್ನು ಪೂಲ್ ಮಾಡುತ್ತಿರಲಿಲ್ಲ. ಬೆಲೆಯನ್ನು ಎತ್ತಿ ಹಿಡಿದಿದ್ದದ್ದು ಅಂತರರಾಷ್ಟ್ರೀಯ ಕೋಟಾ. ಎರಡೂ ಒಂದೇ ಕಾಲದಲ್ಲಿ ಇದ್ದದ್ದರಿಂದ ಕೋಟಾದ ಪುಣ್ಯ ಪೂಲಿನ ಖಾತೆಗೆ ಜಮೆಯಾಗಿದೆ. ವರ್ಷದಿಂದ ವರ್ಷಕ್ಕೆ ರಕ್ಷಣೆ ಕೊಡಲೆಂದು 2003ರಲ್ಲಿ ಬೆಲೆ ಸ್ಥಿರೀಕರಣ ನಿಧಿ ಅಂತ ಒಂದು ಮಾಡಿದರು. ಅದಕ್ಕೆ ಬೆಳೆಗಾರರು ಹೆಚ್ಚಿಗೆ ಸೇರಲೇ ಇಲ್ಲ.

ಈಗ ಇವತ್ತಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಸ್ಪರ್ಧೆಯ ನಿಜವಾದ ಪರೀಕ್ಷೆ ನಡೆಯುವುದು ಕಣದಲ್ಲೇ.

ಮುಕ್ತ ಮಾರುಕಟ್ಟೆ ಬಂದ ಹೊಸತರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಹರಾಜು ನಡೆಯುತ್ತಿತ್ತು. ಬರುಬರುತ್ತಾ ಅಲ್ಲಿಗೆ ಬರುವ ಕಾಫಿ ಕಡಿಮೆಯಾಯಿತು. ಬೆಳೆಗಾರರು ತೋಟದ ಬಾಗಿಲಲ್ಲೇ ಮಾರತೊಡಗಿದರು. ಏಜೆಂಟ್ ಬರುತ್ತಾನೆ, ಸ್ಯಾಂಪಲ್ ನೋಡುತ್ತಾನೆ, ಬೆಲೆ ಹೇಳುತ್ತಾನೆ, ಲಾರಿ ತರುತ್ತಾನೆ, ದುಡ್ಡು ಕೊಡುತ್ತಾನೆ. ಕಂತಿಗೆ ಕಾದು ಸಾಕಾಗಿದ್ದವರಿಗೆ ಇದು ದೊಡ್ಡ ಸುಖ. ದಕ್ಷತೆ ಅಂದರೆ ಇದೂ ಒಂದು.

ಒಂದು ವಾರ ಊರಿನ ಎಲ್ಲ ಏಜೆಂಟರನ್ನೂ ವಿಚಾರಿಸಿ ನೋಡಿ. 50 ಕೆಜಿ ಮೂಟೆಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ದರ ಹೇಳುತ್ತಾರೆ. ‘ಎಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ’ ಎಂದು ನಮಗೆ ಅನುಮಾನ ಬರುತ್ತದೆ. ಇಲ್ಲಿ ಅರ್ಥಶಾಸ್ತ್ರದ ಒಂದು ತಮಾಷೆ ಇದೆ. ಸ್ಪರ್ಧೆ ಚೆನ್ನಾಗಿ ನಡೆಯುತ್ತಿದ್ದರೂ ಎಲ್ಲರ ಬೆಲೆ ಒಂದೇ ಆಗಿರುತ್ತದೆ. ಎಲ್ಲರೂ ಒಳಸಂಚು ಮಾಡಿದ್ದರೂ ಬೆಲೆ ಒಂದೇ ಆಗಿರುತ್ತದೆ. ರೊಬಸ್ಟಾ ಬೆಲೆ ಲಂಡನ್ ವಿನಿಮಯ ಕೇಂದ್ರದಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕ್‌ನಲ್ಲಿ ತೀರ್ಮಾನವಾಗುತ್ತದೆ. ಎಲ್ಲರೂ ಅದೇ ಅಂಕಿ ನೋಡಿ, ಅದೇ ಡಾಲರ್ ದರ ಹಾಕಿ, ಅದೇ ಖರ್ಚು ಕಳೆದರೆ ಉತ್ತರ ಒಂದೇ ಬರುತ್ತದೆ. ಹಾಗಾಗಿ ಬೆಲೆ ನೋಡಿ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ.

ನೋಡಬೇಕಾದ್ದು ಕಡಿತವನ್ನು. ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ವ್ಯಾಪಾರ ಔಟ್‌ಟರ್ನ್ ಮೇಲೆ ನಡೆಯುತ್ತದೆ. 50 ಕೆಜಿ ಚೆರಿಯಲ್ಲಿ ಹೊಟ್ಟು ತೆಗೆದ ಮೇಲೆ ಎಷ್ಟು ಕೆಜಿ ಬೀಜ ಉಳಿಯುತ್ತದೆ ಅನ್ನುವ ಲೆಕ್ಕ ಅದು. 26 ಬರಬಹುದು, 28 ಬರಬಹುದು. ಇಲ್ಲಿ ಒಂದು ಪಾಯಿಂಟ್ ಅಂದರೆ ಒಂದು ಕೆಜಿ ಬೀಜ. ಅದಕ್ಕೆ 350 ರೂಪಾಯಿ ಎಂದು ಸುಮ್ನೆ ಉದಾಹರಣೆಗೆ ಇಟ್ಟುಕೊಳ್ಳಿ. 26ಕ್ಕೆ 9,100 ರೂಪಾಯಿ, 28ಕ್ಕೆ 9,800 ರೂಪಾಯಿ. ಒಂದು ಮೂಟೆಗೆ 700 ರೂಪಾಯಿ ವ್ಯತ್ಯಾಸ. ನೂರು ಮೂಟೆ ಇದ್ದರೆ 70 ಸಾವಿರ. ಈ ಔಟ್‌ಟರ್ನ್ ಯಾರು ನೋಡುತ್ತಾರೆ? ಕೊಳ್ಳುವವನೇ. ತೇವಾಂಶ ಎಷ್ಟಿದೆ ಎಂದು ಯಾರ ಮೀಟರ್ ಹೇಳುತ್ತದೆ? ಕೊಳ್ಳುವವನದೇ. ಕಪ್ಪು ಬೀಜ, ಹುಳ ಹೊಡೆದ ಬೀಜ ಎಷ್ಟಿದೆ ಎಂದು ಕಡಿತ ಹಾಕುವುದು? ಅವನೇ.

ಹೀಗಿರುವಾಗ ಬೆಲೆಯಲ್ಲಿ ಸ್ಪರ್ಧೆ ಇದ್ದರೂ ಅದರ ಪೂರ್ತಿ ಲಾಭ ಸಿಗುವುದು ಅಳೆಯಲು ಗೊತ್ತಿರುವವನಿಗೆ. ದೊಡ್ಡ ತೋಟದವರ ಮನೆಯಲ್ಲಿ ತೇವಾಂಶದ ಮೀಟರ್ ಇದೆ, ಸ್ಯಾಂಪಲ್ ಹೊಟ್ಟು ತೆಗೆಯುವ ಸಣ್ಣ ಮಿಷನ್ ಇದೆ. ಮೂರೆಕರೆಯವನ ಬಳಿ ಏನಿದೆ? ಬೀಜ ಕಚ್ಚಿ ನೋಡುವ ಹಲ್ಲು ಇದೆ. ಎಲ್ಲ ಏಜೆಂಟರೂ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವನೂ ಅನುಮಾನಕ್ಕೆ ಒಳಗಾಗುವ ವ್ಯವಸ್ಥೆ ಇದು. ತನ್ನ ಅಳತೆ ಸರಿಯಾಗಿದೆ ಎಂದು ತೋರಿಸಿ ಹೆಚ್ಚು ಗಿರಾಕಿ ಸೆಳೆಯಲು ಅವನಿಗೂ ದಾರಿ ಇಲ್ಲ.

ಕಾರ್ಟೆಲ್, ಅಂದರೆ ಬೆಲೆಯ ಒಳಸಂಚು ಮಾಡುವ ಕೂಟ, ಹಿಡಿಯಲು ನಮ್ಮಲ್ಲಿ ಕಾನೂನು ಇದೆ. 2002ರ ಸ್ಪರ್ಧಾ ಕಾಯ್ದೆ, ಅದರ ಮುಖ್ಯ ಭಾಗಗಳು ಜಾರಿಗೆ ಬಂದದ್ದು 2009ರಲ್ಲಿ. ದೆಹಲಿಯಲ್ಲಿ ಅದಕ್ಕೊಂದು ಆಯೋಗ ಕೂತಿದೆ. ಆದರೆ ಮೂಟೆಗೆ ಅರ್ಧ ಕೆಜಿ ಔಟ್‌ಟರ್ನ್ ಕಡಿಮೆ ಹಿಡಿದದ್ದನ್ನು ದೆಹಲಿಗೆ ಹೋಗಿ ಹೇಳುವವರು ಯಾರು? ಹೋಬಳಿಗೊಂದು ಕಡೆ ಕೊಳ್ಳುವವರೂ ಮಾರುವವರೂ ಇಬ್ಬರೂ ನಂಬುವ ಪರೀಕ್ಷಾ ಕೇಂದ್ರ ಇದ್ದರೆ ಇಡೀ ಕಾಯ್ದೆಗಿಂತ ಜಾಸ್ತಿ ಕೆಲಸ ಆದೀತು. ಬೋರ್ಡ್ ದಿನಾ ಬೆಲೆ ಪ್ರಕಟಿಸುತ್ತದೆ, ಫೋನಿನಲ್ಲೇ ನೋಡಬಹುದು. ಸುದ್ದಿಯ ಅರ್ಧ ಕೆಲಸ ಹಾಗೆ ಮುಗಿದಿದೆ. ಅಳತೆಯ ಅರ್ಧ ಬಾಕಿ ಇದೆ.

ಅಂಗಡಿಯ ಕಾಫಿ ಪುಡಿಯಲ್ಲಿ ಈ ಕೆಲಸ ಆಗಿದೆ ನೋಡಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಎಂದು ಪ್ಯಾಕೆಟ್ ಮೇಲೆ ಬರೆದಿರಬೇಕು. ಬೆಲೆ ಎಷ್ಟಿರಬೇಕು, ಯಾರು ಮಾರಬೇಕು ಎಂದು ಆ ನಿಯಮ ಹೇಳುವುದಿಲ್ಲ. ಒಳಗೇನಿದೆ ಎಂದು ಹೇಳಿಸುತ್ತದೆ, ಅಷ್ಟೆ. ಶೇ. 53ರ ಪುಡಿಯೋ ಶೇ. 80ರ ಪುಡಿಯೋ, ಬೆಲೆ ಹೋಲಿಸಿ ನೀವೇ ಆರಿಸಿಕೊಳ್ಳಬಹುದು.

ಒಳ್ಳೆಯ ಉದ್ದೇಶದ ನಿಯಮ ತಿರುಗಿ ಬೀಳುವುದಕ್ಕೂ ಕಾಫಿ ತೋಟದಲ್ಲೇ ಉದಾಹರಣೆ ಇದೆ, ತಲೆ ಎತ್ತಿ ಮರ ನೋಡಿದರೆ ಸಾಕು. ಕಾಡು ಜಾತಿಯ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆಯಂಥ ಮರಕ್ಕಂತೂ ಅಲೆದಾಟ ಹೇಳತೀರದು. ಕೊಡಗಿನ ಕೆಲವು ಬಾಣೆ ಜಮೀನಿನಲ್ಲಿ (ಗದ್ದೆಯ ಜೊತೆ ಸೇರಿದ ಕಾಡು ಜಮೀನಿನಲ್ಲಿ) ಮರದ ಹಕ್ಕೇ ಸರ್ಕಾರದ್ದು. ಸಿಲ್ವರ್ ಓಕ್‌ಗೆ ಈ ರಗಳೆ ಇಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಮಾರಬಹುದು. ಹಾಗಾದಾಗ ಹೊಸ ನೆರಳಿಗೆ ಬೆಳೆಗಾರ ಏನು ನೆಡುತ್ತಾನೆ? ಮತ್ತಿ, ನಂದಿ, ಹಲಸನ್ನು ಉಳಿಸಲು ಬಂದ ನಿಯಮ ಅವನ್ನು ಯಾರೂ ಹೊಸದಾಗಿ ನೆಡದ ಹಾಗೆ ಮಾಡಿತು. ನೆಟ್ಟವನಿಗೇ ಮರದ ಹಕ್ಕು ಬಿಟ್ಟುಕೊಟ್ಟಿದ್ದರೆ ಕಾಡು ಮರ ಇನ್ನೂ ಹೆಚ್ಚು ಇರುತ್ತಿತ್ತು ಎಂದೇ ನನ್ನ ನಂಬಿಕೆ.

ಇದರ ಮೇಲೆ ಈಗ ಯುರೋಪಿನದೊಂದು ನಿಯಮ ಬರುತ್ತಿದೆ. 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿಗೆ ಮಾರುವ ಹಾಗಿಲ್ಲ. ಅದನ್ನು ತೋರಿಸಲು ಪ್ರತಿ ತೋಟದ ಜಾಗವನ್ನು ಉಪಗ್ರಹದ ನಕ್ಷೆಯಲ್ಲಿ ಗುರುತಿಸಬೇಕು. ಜಾರಿಯ ದಿನಾಂಕ ಮುಂದೆ ಹೋಗಿದೆ, ನಿಯಮ ಹೋಗಿಲ್ಲ. ಕಾಡು ಉಳಿಯಲಿ, ಯಾರು ಬೇಡ ಅಂತಾರೆ? ಆದರೆ ಸಾವಿರ ಎಕರೆಯವನಂತೆ ಮೂರೆಕರೆಯವನೂ ದಾಖಲೆ ಕೊಡಬೇಕು. ಜಂಟಿ ಪಹಣಿ, ಭಾಗ ಆಗದ ಆಸ್ತಿ ಇರುವ ಮನೆಗಳಲ್ಲಿ ಗಡಿ ಯಾವುದು ಅಂತಲೇ ಗೊತ್ತಿಲ್ಲ. ಕಾಗದ ಸರಿ ಇರುವ ದೊಡ್ಡವರಿಗೆ ಯುರೋಪಿನ ಬೆಲೆ, ಇಲ್ಲದವರಿಗೆ ಉಳಿದ ಬೆಲೆ ಎಂದಾಗುವ ಅಪಾಯ ಇದೆ. ನಿಯಮ ಪಾಲಿಸುವ ಖರ್ಚು ದೊಡ್ಡವನಿಗೂ ಚಿಕ್ಕವನಿಗೂ ಒಂದೇ ಆದಾಗ ಅದು ಚಿಕ್ಕವನ ಮೇಲೆ ಹಾಕಿದ ತೆರಿಗೆ ಇದ್ದ ಹಾಗೆ.

ಮಾತು ಮುಗಿದ ಮೇಲೆ ಒಂದಿಷ್ಟು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

‘ಕಾಫಿಗೂ ಬೆಂಬಲ ಬೆಲೆ ಕೊಟ್ಟರೆ ಆಗಲ್ವಾ ಸಾರ್?’ ಎಂದು ಹಿರಿಯ ಬೆಳೆಗಾರರೊಬ್ಬರು ಕೇಳಿದರು. ಕೇಂದ್ರ ಬೆಂಬಲ ಬೆಲೆ ಘೋಷಿಸುವ ಬೆಳೆಗಳ ಪಟ್ಟಿಯಲ್ಲಿ ಕಾಫಿ ಇಲ್ಲ. ಅದಕ್ಕೊಂದು ಕಾರಣವೂ ಇದೆ. ನಾವು ಬೆಳೆದದ್ದರಲ್ಲಿ ಹೆಚ್ಚು ಪಾಲು ಹೊರದೇಶಕ್ಕೆ ಹೋಗುತ್ತದೆ. ಸರ್ಕಾರ ಹೆಚ್ಚು ಬೆಲೆ ಕೊಟ್ಟು ಕೊಂಡರೆ ಅದನ್ನು ಪಡಿತರದಲ್ಲಿ ಹಂಚುವ ಹಾಗಿಲ್ಲ, ಜಗತ್ತಿನ ಮಾರುಕಟ್ಟೆಯಲ್ಲಿ ನಷ್ಟಕ್ಕೆ ಮಾರಬೇಕು. ಭತ್ತದ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ.

‘ಪೂಲೂ ಬೇಡ, ಬರೀ ಏಜೆಂಟರೂ ಬೇಡ ಅಂದರೆ ಮತ್ತೇನು?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವಳಿಗೆ ಕೊಲಂಬಿಯಾದ ಕಥೆ ಹೇಳಿದೆ. ಅಲ್ಲಿ 1927ರಿಂದ ಬೆಳೆಗಾರರ ಒಕ್ಕೂಟ ಇದೆ. ಅದು ದಿನಾ ಒಂದು ಬೆಲೆ ಪ್ರಕಟಿಸುತ್ತದೆ. ಸಹಕಾರ ಸಂಘದ ಯಾವ ಕೇಂದ್ರಕ್ಕೆ ಯಾವ ಬೆಳೆಗಾರ ಕಾಫಿ ತಂದರೂ ಆ ಬೆಲೆಗೆ ಕೊಳ್ಳುತ್ತದೆ. ಬೇರೆಯವರು ಹೆಚ್ಚು ಕೊಟ್ಟರೆ ಅವರಿಗೇ ಮಾರಬಹುದು, ಯಾರೂ ತಡೆಯುವುದಿಲ್ಲ. ಬೋರ್ಡ್ ನಮ್ಮಲ್ಲಿ ಒಬ್ಬನೇ ಗಿರಾಕಿಯಾಗಿತ್ತು, ಅಲ್ಲಿ ಒಕ್ಕೂಟ ಕೊನೆಯ ಗಿರಾಕಿ. ಬೇರೆ ಏಜೆಂಟರು ಅದಕ್ಕಿಂತ ತೀರಾ ಕಡಿಮೆ ಬೆಲೆ, ತೀರಾ ಕೆಟ್ಟ ಅಳತೆ ಇಡಲು ಆಗುವುದಿಲ್ಲ, ಬೆಳೆಗಾರ ಎದ್ದು ಹೋಗುತ್ತಾನೆ. ಖರ್ಚಿಗೆ ರಫ್ತಿನ ಮೇಲೆ ಸೆಸ್ ಇದೆ.

ಅವಳು ಬಿಡಲಿಲ್ಲ. ‘ಹಾಗಾದರೆ ಅಲ್ಲಿ ಎಲ್ಲ ಸರಿ ಇದೆಯಾ?’ ಇಲ್ಲ ಅಂದೆ. ಅಲ್ಲಿನ ದರವೂ ನ್ಯೂಯಾರ್ಕ್ ನೋಡಿಯೇ ಏರುತ್ತದೆ, ಇಳಿಯುತ್ತದೆ. 2021ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಹಿಮ ಬಿದ್ದು ಬೆಲೆ ಜಿಗಿಯಿತು. ಕಡಿಮೆ ದರಕ್ಕೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದ ಕೊಲಂಬಿಯಾದ ಸಾವಿರಾರು ಬೆಳೆಗಾರರು ಆ ಕಾಫಿಯನ್ನು ಸಂಘಕ್ಕೆ ತಂದುಕೊಡಲೇ ಇಲ್ಲ, ಹೊರಗೆ ಮಾರಿಕೊಂಡರು. ಸಂಘಗಳು ಆ ಕಾಫಿ ಕೊಡುವುದಾಗಿ ತಮ್ಮ ಗಿರಾಕಿಗಳಿಗೆ ಮಾತು ಕೊಟ್ಟಾಗಿತ್ತು. ಆ ನಷ್ಟ ಅವುಗಳ ಮೇಲೆ ಬಿತ್ತು.